ವಹಿ, ರಸೀದಿ, ವಾಟ್ನಿ: ನಮ್ಮ ಕಿರಾಣಿ ಅಂಗಡಿಯ ಮೂರು ತಲೆಮಾರು

ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಕಿರಾಣಿ ಅಂಗಡಿ. ಮಹಾರಾಷ್ಟ್ರದ ಗಡಿಗೆ ಹತ್ತಿರ. ಮುತ್ಯಾ, ಅಂದರೆ ಅಪ್ಪನ ಅಪ್ಪ, ಶುರು ಮಾಡಿದ್ದು, ಅಪ್ಪ ಬೆಳೆಸಿದ್ದು. ಈಗ ಗಲ್ಲಾದ ಮುಂದೆ ನಾನು ಕೂಡುತ್ತೇನೆ. ಅಣ್ಣ ಪುಣೆಯಲ್ಲಿದ್ದಾನೆ, ತಮ್ಮ ಕಲಬುರಗಿಯಲ್ಲಿ. ನನ್ನನ್ನು ಊರಲ್ಲೇ ಇರುವ ಸೋದರಮಾವನ ಮನೆಗೆ ಕೊಟ್ಟರು, ಹಂಗಾಗಿ ಅಂಗಡಿ ನನ್ನ ಪಾಲಿಗೆ ಉಳಿಯಿತು.

ಅಪ್ಪ 2013ರಲ್ಲಿ ತೀರಿಕೊಂಡರು. ಆಮೇಲೆ ಅಂಗಡಿ, ಹಳೇ ಮನೆ, ಉದ್ರಿ ವಹಿ (ಸಾಲಕ್ಕೆ ಕೊಟ್ಟ ಮಾಲಿನ ಲೆಕ್ಕದ ಪುಸ್ತಕ), ಲೈಸೆನ್ಸು ಎಲ್ಲದರ ಕಾಗದ ಸರಿ ಮಾಡುವ ಕೆಲಸ ನನ್ನ ಮೇಲೆ ಬಿತ್ತು. ಸುತ್ತಲಿನ ಅಂಗಡಿಯವರು ತಮ್ಮ ಮನೆಯಲ್ಲಿ ಪಾಲಿನ ಮಾತು ಬಂದಾಗ ಈಗಲೂ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲಳಲ್ಲ. ಬಿ.ಕಾಂ. ಓದಿ ತಕ್ಕಡಿ ಹಿಡಿದವಳು.

ಮೊದಲೇ ಒಂದು ಮಾತು. ನಮ್ಮನ್ನು ಕಾಪಾಡಿದ್ದು ದೊಡ್ಡ ದೊಡ್ಡ ಪತ್ರಗಳಲ್ಲ. ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಪಂಚಾಯಿತಿ ತೆರಿಗೆ ರಸೀದಿ, ಅಪ್ಪ ದಿನದ ಲೆಕ್ಕ ಬರೆಯುತ್ತಿದ್ದ ಕೀರ್ದಿ ಪುಸ್ತಕ, ಗಿರಾಕಿಗಳ ಸಹಿ ಇದ್ದ ವಹಿಯ ಹಾಳೆ, ಇವು.

ಮುತ್ಯಾನ ಕಾಲದಲ್ಲಿ ನಮ್ಮೂರು ನಿಜಾಮನ ರಾಜ್ಯದಲ್ಲಿತ್ತು. ಸೊಲ್ಲಾಪುರ ಬ್ರಿಟಿಷರ ಕಡೆಗೆ. ಅಂಗಡಿಗೆ ಮಾಲು ಬರುತ್ತಿದ್ದದ್ದು ಸೊಲ್ಲಾಪುರದಿಂದ, ಎತ್ತಿನ ಗಾಡಿಯಲ್ಲಿ. ನಡುವೆ ನಿಜಾಮನ ಕರೋಡಗಿರಿ ನಾಕಾ. ಗಡಿ ದಾಟಿ ಬಂದ ಬಟ್ಟೆ, ಕಡ್ಡಿಪೆಟ್ಟಿಗೆ, ಬೆಲ್ಲ ಎಲ್ಲಕ್ಕೂ ಸುಂಕ. ರೊಕ್ಕವೂ ಎರಡು ನಮೂನೆ. ಊರಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ. ಸೊಲ್ಲಾಪುರದ ಸಾಹುಕಾರರು ಕೇಳುತ್ತಿದ್ದದ್ದು ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ. 7 ಹಾಲಿ ಕೊಟ್ಟರೆ 6 ಕಲ್ದಾರ್. ಮುತ್ಯಾನ ವಹಿಯಲ್ಲಿ ಪ್ರತಿ ಪುಟದಲ್ಲೂ ಎರಡು ಕಾಲಂ ಇವೆ, ಒಂದು ಇದಕ್ಕೆ, ಒಂದು ಅದಕ್ಕೆ. ಶಾಲೆಗೆ ಹೋಗದ ಮನುಷ್ಯ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರಂತೆ. 1950ರಲ್ಲಿ ಭಾರತದ ರೂಪಾಯಿ ಬಂದರೂ ಹಾಲಿ ಸಿಕ್ಕಾ 1959ರ ತನಕ ಚಲಾವಣೆಯಲ್ಲಿತ್ತು. ಅಪ್ಪ ಗಲ್ಲಾದಲ್ಲಿ ಕೂಡಲು ಶುರು ಮಾಡಿದಾಗಲೂ ಹಳೇ ನಾಣ್ಯ ಕೈಗೆ ಬರುತ್ತಿದ್ದವು.

ಅಂಗಡಿ ಜಾಗದ ಖರೀದಿ ಪತ್ರ ಉರ್ದುವಿನಲ್ಲಿದೆ, ಫಸಲಿ 1348ರದ್ದು. ಫಸಲಿ ಅಂದರೆ ನಿಜಾಮನ ಕಾಲದ ಕಂದಾಯ ವರ್ಷ, ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಇಸವಿ ಸಿಗುತ್ತದೆ. ಅಂದರೆ 1938-39. ವಹಿ ಇರುವುದು ಮೋಡಿ ಅನ್ನುವ ಹಳೇ ಮರಾಠಿ ಲಿಪಿಯಲ್ಲಿ. ಇವೆರಡನ್ನೂ ಓದುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕಲಬುರಗಿಯಲ್ಲಿ ಉರ್ದು ಓದುವವರಿಗೇನು ಬರವಿಲ್ಲ. ಆದರೆ ಹಳೇ ಕಚೇರಿಯ ಓಡುಬರಹ, ಶಿಕಸ್ತ ಅನ್ನುತ್ತಾರೆ, ಅದು ಈಗಿನವರ ಕಣ್ಣಿಗೆ ಹತ್ತುವುದಿಲ್ಲ. ಆಳಂದದ ಒಬ್ಬ ನಿವೃತ್ತ ಉರ್ದು ಮಾಸ್ತರು ಭೂತಗನ್ನಡಿ ಹಿಡಿದು ಕೂತು ಓದಿಕೊಟ್ಟರು. ಪೂರ್ವಕ್ಕೆ ದರ್ಗಾಕ್ಕೆ ಹೋಗುವ ದಾರಿ, ಪಶ್ಚಿಮಕ್ಕೆ ಬೇವಿನ ಗಿಡ ಅಂತ ಚಕ್ಕುಬಂದಿ ಇತ್ತು. ಗಿಡ ಈಗ ಇಲ್ಲ, ದಾರಿ ಇದೆ. ಅವರ ಅನುವಾದಕ್ಕೆ ಅವರದೇ ಅಫಿಡವಿಟ್ ಮಾಡಿಸಿದೆ. ಮೂಲ ಪತ್ರ ಎಷ್ಟೇ ಗಟ್ಟಿಯಿದ್ದರೂ ಓದಲು ಬರದಿದ್ದರೆ ಕಚೇರಿಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಮನೆಯಲ್ಲಿ ಇಂಥ ಕಾಗದ ಇದ್ದರೆ ಓದುವವರು ಇರುವಾಗಲೇ ಓದಿಸಿ ಬರೆದಿಡಿ. ಮೋಡಿ ವಹಿಯನ್ನು ಹಳೇ ಕುಲಕರ್ಣಿ ಮನೆಯ ಹಿರಿಯರೊಬ್ಬರು ಓದಿದರು. ಅವರೂ ಈಗಿಲ್ಲ.

ಆ ವಹಿಯಲ್ಲಿ 1948ರ ಕೆಲವು ಪುಟಗಳಿವೆ. ರಜಾಕಾರರ ಗಲಾಟೆಯಲ್ಲಿ ಮುತ್ಯಾ ಅಂಗಡಿಗೆ ಬೀಗ ಹಾಕಿ ಮನೆಯವರನ್ನು ಕರೆದುಕೊಂಡು ಸೊಲ್ಲಾಪುರದ ಕಡೆ ಹೋಗಿದ್ದರು. ಆ ತಿಂಗಳುಗಳ ಪುಟ ಖಾಲಿ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ವಾಪಸ್ ಬಂದರು. ಆಗ ಊರು ಬಿಡುವ ಸರದಿ ಕೆಲವು ಮುಸ್ಲಿಂ ಗಿರಾಕಿಗಳದ್ದಾಗಿತ್ತು. ಅವರ ಖಾತೆಗಳ ಕೆಳಗೆ ಬಾಕಿ ಹಾಗೇ ಇದೆ, ಗೆರೆ ಎಳೆದಿಲ್ಲ. ಒಂದು ಖಾತೆ ಮಾತ್ರ ಎಷ್ಟೋ ವರ್ಷದ ಮೇಲೆ ಮಗ ಬಂದು ತೀರಿಸಿದ್ದಾನೆ, ಅಪ್ಪನ ಕೈಬರಹದಲ್ಲಿ ಜಮಾ ಇದೆ. ಉಳಿದವನ್ನು ಮುತ್ಯಾ ಯಾಕೆ ಹೊಡೆದು ಹಾಕಲಿಲ್ಲವೋ, ಯಾರನ್ನು ಕೇಳೋದು?

ಅಪ್ಪನ ಕಾಲಕ್ಕೆ ಊರು ಮೈಸೂರು ರಾಜ್ಯಕ್ಕೆ ಸೇರಿತ್ತು. ಕಾಗದ ಕನ್ನಡಕ್ಕೆ ಬಂತು. ಸೇರು ಹೋಗಿ ಕಿಲೋ ಬಂತು. 80 ತೊಲದ ಸೇರು ಅಂದರೆ ಸುಮಾರು 933 ಗ್ರಾಂ. ಕಿಲೋ ಅದಕ್ಕಿಂತ ದೊಡ್ಡದು, ದರವೂ ಜಾಸ್ತಿ. ಸಾಹುಕಾರ ಮೋಸ ಮಾಡುತ್ತಾನೆ ಅಂತ ಹಳಬರು ವರ್ಷಗಟ್ಟಲೆ ಗೊಣಗಿದರಂತೆ. ಅಪ್ಪ ಎರಡೂ ಕಲ್ಲು ತಕ್ಕಡಿಗೆ ಹಾಕಿ ತೋರಿಸುತ್ತಿದ್ದರು.

1972ರ ಬರ ನಮ್ಮ ಕಡೆ ಮತ್ತು ಸೊಲ್ಲಾಪುರದ ಕಡೆ ಒಂದೇ ಸಮ ಬಿತ್ತು. ಜನ ಕಲ್ಲು ಒಡೆಯುವ ಬರಗಾಲದ ಕೆಲಸಕ್ಕೆ ಹೋದರು. ಉದ್ರಿ ಏರಿತು. ಕೊಡಲು ರೊಕ್ಕ ಇಲ್ಲದವರು ಹಿತ್ತಾಳೆ ಕೊಡ, ತಾಮ್ರದ ಹಂಡೆ, ಕಾಲುಂಗುರ ಒತ್ತೆ ಇಟ್ಟರು. ನಾಲ್ಕು ವರ್ಷದ ಮೇಲೆ, 1976ರಲ್ಲಿ ರಾಜ್ಯದ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ಬಡವರು ಮಾಡಿದ ಸಾಲ ಮನ್ನಾ, ಒತ್ತೆ ಸಾಮಾನು ವಾಪಸ್ ಕೊಡಬೇಕು ಅಂತ. ಅಪ್ಪ ಎಲ್ಲರನ್ನೂ ಕರೆದು ಕೊಟ್ಟರು. ಕೊಡುವಾಗ ಪ್ರತಿಯೊಬ್ಬರಿಂದ ವಹಿಯಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡರು, "ಸಾಮಾನು ಮುಟ್ಟಿತು" ಅಂತ. ಊರಲ್ಲಿ ಕೆಲವರು ನಕ್ಕರು. ಕೊಡುವುದಕ್ಕೂ ರಸೀದಿ ಬೇಕೇ ಅಂತ. ಬೇಕಿತ್ತು. ಅದೇ ವರ್ಷ ಪಕ್ಕದ ಊರಿನ ಒಬ್ಬ ಅಂಗಡಿಯವರ ಮೇಲೆ ಕೊಟ್ಟ ಸಾಮಾನನ್ನೇ ಕೊಟ್ಟಿಲ್ಲ ಅಂತ ದೂರು ಹೋಯಿತು.

ಒತ್ತೆ ವ್ಯವಹಾರ ಅಲ್ಲಿಗೇ ಮುಗಿಯಿತು. ನಾನೂ ಮಾಡುವುದಿಲ್ಲ. ಮಾಲು ಉದ್ರಿ ಕೊಡುವುದು ವ್ಯಾಪಾರ. ಬಡ್ಡಿಗೆ ರೊಕ್ಕ ಕೊಡುವುದು ಬೇರೆ, ಅದಕ್ಕೆ 1961ರ ಲೇವಾದೇವಿಗಾರರ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು. ನಮ್ಮ ಕಡೆ ಎಷ್ಟೋ ಅಂಗಡಿಯವರು ಈ ಗೆರೆ ದಾಟುತ್ತಾರೆ. "ಐದು ಸಾವಿರ ಕೈಗಡ ಕೊಡ್ರಿ, ರಾಶಿಗೆ ಕೊಡ್ತೀನಿ" ಅಂದಾಗ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ನಾನು ಅನ್ನುತ್ತೇನೆ. ಬೇಳೆ ಬೇಕಾದರೆ ಒಯ್ಯಿ ಅನ್ನುತ್ತೇನೆ.

ಈಗ ಉದ್ರಿಯ ಮಾತು. ಹಳ್ಳಿ ಅಂಗಡಿ ಉದ್ರಿ ಇಲ್ಲದೆ ನಡೆಯುವುದಿಲ್ಲ. "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡು ಹಾಕಿದವರ ಅಂಗಡಿಯಲ್ಲೇ ಜಾಸ್ತಿ ಉದ್ರಿ ಇರುತ್ತದೆ. ನಮ್ಮದು ತೊಗರಿ ಸೀಮೆ. ಬಿತ್ತನೆ ಜೂನ್-ಜುಲೈನಲ್ಲಿ, ರಾಶಿ ಡಿಸೆಂಬರ್-ಜನವರಿಯಲ್ಲಿ. ಮಾಲು ಕಲಬುರಗಿ ಗಂಜಿಗೆ, ಅಂದರೆ ಸಗಟು ಮಾರುಕಟ್ಟೆಗೆ, ಹೋಗಿ ಅಡತಿಯವರಿಂದ ರೊಕ್ಕ ಬಂದ ಮೇಲೆ ಅಂಗಡಿಗೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಮನೆ ನಡೆಯುವುದೇ ನಮ್ಮ ವಹಿಯ ಮೇಲೆ.

ಈ ವಹಿ ಕಾನೂನಿನ ಮುಂದೆ ಎಷ್ಟು ನಿಲ್ಲುತ್ತದೆ? ನಾನು ಓದಿ, ವಕೀಲರನ್ನು ಕೇಳಿ ತಿಳಿದದ್ದು ಇಷ್ಟು. ಕೊಡಲು ಗಡುವು ಇಲ್ಲದ ಉದ್ರಿ ಮಾಲಿನ ರೊಕ್ಕಕ್ಕೆ ದಾವೆ ಹಾಕುವ ಕಾಲ, ಮಾಲು ಕೊಟ್ಟ ದಿನದಿಂದ 3 ವರ್ಷ. 1963ರ ಕಾಲಮಿತಿ ಕಾಯ್ದೆಯ ಮಾತು ಇದು. ಹೀಗಾಗಿ ಖಾತೆಯಲ್ಲಿ ಒಂದೊಂದು ಸಾಲಿಗೂ ಅದರದೇ ಗಡುವು ಓಡುತ್ತಿರುತ್ತದೆ. ಕಳೆದ ವಾರ ಒಯ್ದ ಎಣ್ಣೆ ಬಾಕಿ ಉಳಿದಿರುತ್ತದೆ, ನಾಲ್ಕು ವರ್ಷದ ಹಿಂದಿನ ಬೆಲ್ಲ ಸತ್ತಿರುತ್ತದೆ. ಎರಡನೆಯದು, ನಾವು ನಾವೇ ಬರೆದುಕೊಂಡ ವಹಿ ಸಾಕ್ಷಿಗೆ ಬರುತ್ತದೆ, ಆದರೆ ಅದೊಂದನ್ನೇ ನಂಬಿ ಕೋರ್ಟು ಯಾರ ತಲೆಯ ಮೇಲೂ ಸಾಲ ಹೊರಿಸುವುದಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಅದು ಕಲಂ 34. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಅಲ್ಲಿ ಕಲಂ 28. ಮಾತು ಮಾತ್ರ ಅದೇ.

ದಾರಿ ಇರುವುದು ಸಹಿಯಲ್ಲಿ. 3 ವರ್ಷ ಮುಗಿಯುವ ಮೊದಲು ಗಿರಾಕಿ "ಇಷ್ಟು ಬಾಕಿ ಇದೆ" ಅಂತ ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಆ ದಿನದಿಂದ ಮತ್ತೆ ಹೊಸ 3 ವರ್ಷ. ಒಂದಿಷ್ಟು ರೊಕ್ಕ ಕೊಟ್ಟು, ಕೊಟ್ಟದ್ದಕ್ಕೆ ಅವರ ಕೈಬರಹ ಅಥವಾ ಸಹಿ ಇದ್ದರೂ ಹಾಗೇ. ಗಡುವು ಮುಗಿದ ಮೇಲೆ ಮಾಡಿದ ಸಹಿಗೆ ಈ ಬಲ ಇಲ್ಲ.

ದೀಪಾವಳಿಗೆ ನಮ್ಮಲ್ಲಿ ಹೊಸ ವಹಿಗೆ ಪೂಜೆ. ಮೊದಲ ಪುಟದಲ್ಲಿ ಶ್ರೀಕಾರ, ಶುಭ-ಲಾಭ, ಕುಂಕುಮ, ಎಲೆ ಅಡಿಕೆ. ಹಳೇ ವಹಿಯ ಬಾಕಿ ಹೊಸದಕ್ಕೆ ಏರಿಸುತ್ತೇವೆ. ಅಪ್ಪ ಅವತ್ತು ಗಿರಾಕಿಗಳಿಗೆ ಚುರಮುರಿ, ಸಕ್ಕರೆ ಕೊಟ್ಟು ಕಳಿಸುತ್ತಿದ್ದರು. ನಾನು ಅದಕ್ಕೊಂದು ಸೇರಿಸಿದೆ. ಹೊಸ ಖಾತೆಯ ಮೊದಲ ಸಾಲಿನಲ್ಲಿ ಹಿಂದಿನ ಬಾಕಿ, ತಾರೀಖು, "ಈ ಬಾಕಿ ನನಗೆ ಒಪ್ಪಿಗೆ", ಕೆಳಗೆ ಸಹಿ. ಹಬ್ಬದ ದಿನ ಕೇಳುವುದರಿಂದ ಯಾರಿಗೂ ಅವಮಾನ ಅನಿಸುವುದಿಲ್ಲ. ಎಲ್ಲರೂ ಮಾಡುತ್ತಾರೆ, ಎಲ್ಲರ ಮುಂದೆ ಮಾಡುತ್ತಾರೆ. ಮೊದಲ ವರ್ಷ ಒಬ್ಬ ಹಿರಿಯರು ಸಿಟ್ಟಾದರು.

"ನಿಮ್ಮಪ್ಪ ಎಂದೂ ಸೈ ಕೇಳಿಲ್ಲ, ನೀ ಕೇಳ್ತಿಯೇನವಾ?"

"ನಿಮಗಲ್ರೀ ಕಾಕಾ. ನಿಮ್ಮ ಹುಡುಗರಿಗೆ. ನಾಳೆ ಅವ್ರು ಮುತ್ಯಾ ಎಷ್ಟು ಬಾಕಿ ಇಟ್ಟಿದ್ದ ಅಂದ್ರ ನಾ ಏನ್ ತೋರ್ಸ್ಲಿ?"

ಅವರು ಸಹಿ ಮಾಡಿದರು. ಬಾಕಿಯಲ್ಲಿ ಒಂದು ತಪ್ಪು ಕೂಡಿಕೆಯನ್ನೂ ಹಿಡಿದರು, ಅದು ಬೇರೆ ಮಾತು.

ಸಹಿ ತಗೊಂಡೆ ಅಂದರೆ ಕೋರ್ಟಿಗೆ ಹೋಗುತ್ತೇನೆ ಅಂತಲ್ಲ. ಇಷ್ಟು ವರ್ಷದಲ್ಲಿ ಉದ್ರಿಗಾಗಿ ದಾವೆ ಹಾಕಿಲ್ಲ. ಸಹಿ ಇದ್ದರೆ ಕಾಯಲು ಧೈರ್ಯ ಬರುತ್ತದೆ. 2022ರಲ್ಲಿ ನೆಟೆ ರೋಗ ಬಿದ್ದು ಜಿಲ್ಲೆಯಲ್ಲಿ ನಿಂತ ತೊಗರಿ ಒಣಗಿ ಹೋಯಿತು. ಆ ವರ್ಷ ಯಾರ ಮನೆಗೂ ವಸೂಲಿಗೆ ಹೋಗಲಿಲ್ಲ. ಸಹಿ ಇಲ್ಲದೆ ಇದ್ದಿದ್ದರೆ ಗಡುವಿನ ಭಯಕ್ಕೆ ಹೋಗಿ ಜಗಳ ಮಾಡಬೇಕಾಗುತ್ತಿತ್ತು. ಬಾಯಿ ಮಾತಿನ ನಂಬಿಕೆಯೇ ದೊಡ್ಡದು ಅನ್ನುವವರು ಇದನ್ನು ಒಪ್ಪುವುದಿಲ್ಲ. ಆದರೆ ಸಾಲ ಕೊಟ್ಟವನೂ ಪಡೆದವನೂ ಬದುಕಿರುವ ತನಕ ಮಾತ್ರ ಬಾಯಿ ಮಾತು ನಡೆಯುತ್ತದೆ.

ಒಂದು ಸಲ ಮಾತ್ರ ವಸೂಲಿ ತಾನಾಗೇ ಓಡಿ ಬಂತು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹಳೇ ಬಾಕಿದಾರರು ನೋಟು ಹಿಡಿದು ನಿಂತಿದ್ದರು. ಎಂದೂ ಮುಖ ತೋರಿಸದವರೂ ಬಂದಿದ್ದರು! ತಗೊಳ್ಳಲಿಲ್ಲ. ಬ್ಯಾಂಕಿಗೆ ಕಟ್ಟಿ ಆಮೇಲೆ ಕೊಡ್ರಿ ಅಂದೆ. ಕೆಲವರು ಕೊಟ್ಟರು.

ಇನ್ನು ಆಸ್ತಿ. ಇಲ್ಲೇ ನಮಗೆ ಜಾಸ್ತಿ ಕಾಲ ಹಿಡಿದದ್ದು.

ಮುತ್ಯಾ ತೀರಿಕೊಂಡದ್ದು 1979ರಲ್ಲಿ. ಆಯಿ, ಅಂದರೆ ಅಜ್ಜಿ, ಅವರಿಗಿಂತ ಮೊದಲೇ ಹೋಗಿದ್ದರು. ಮಕ್ಕಳು ನಾಲ್ವರು. ಅಪ್ಪ, ಕಾಕಾ, ಇಬ್ಬರು ಅತ್ತೆಯರು. 1984ರಲ್ಲಿ ಅಪ್ಪ, ಕಾಕಾ ಊರ ಪಂಚರನ್ನು ಕೂಡಿಸಿ ವಾಟ್ನಿ, ಅಂದರೆ ಆಸ್ತಿ ಪಾಲು, ಮಾಡಿಕೊಂಡರು. ಅಂಗಡಿ ಜಾಗ ಅಪ್ಪನಿಗೆ, ಹಳೇ ಮನೆ ಅರ್ಧರ್ಧ, ಕಾಕಾನಿಗೆ ಬೇರೊಂದು ಮನೆ. ಮಾತಿನಲ್ಲೇ ಆಯಿತು. ಆಮೇಲೆ ಒಂದು ಬಿಳಿ ಹಾಳೆಯ ಮೇಲೆ ಹೀಗೆ ಆಗಿದೆ ಅಂತ ಬರೆದು ಪಂಚರು ಸಹಿ ಹಾಕಿದರು. ನೋಂದಣಿ ಇಲ್ಲ. ಅತ್ತೆಯರ ಹೆಸರೇ ಇಲ್ಲ. ಅವರಿಗೆ ಉಡಿ ತುಂಬಿ ಸೀರೆ ಕೊಟ್ಟರು. ಆಗ ಎಲ್ಲ ಮನೆಯಲ್ಲೂ ಹೀಗೇ.

ಅಪ್ಪ ಹೋದ ಮೇಲೆ ಅಂಗಡಿಯನ್ನು ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯಲ್ಲಿ, ತರಬೇಕಿತ್ತು. ಅದರಿಂದ ಸಿಗುವ ನಮೂನೆ 9 ಮತ್ತು 11ಎ ಇಲ್ಲದೆ ಆಗ ಹಳ್ಳಿಯ ಜಾಗ ನೋಂದಣಿ ಆಗುತ್ತಿರಲಿಲ್ಲ, ಬ್ಯಾಂಕು ಸಾಲವನ್ನೂ ಕೊಡುತ್ತಿರಲಿಲ್ಲ. ಪಂಚಾಯಿತಿಯವರು ವಂಶಾವಳಿ, ಮರಣ ಪ್ರಮಾಣ ಪತ್ರ, ಎಲ್ಲ ವಾರಸುದಾರರ ಒಪ್ಪಿಗೆ ಕೇಳಿದರು. ಮುತ್ಯಾನ ಸಾವು ಎಲ್ಲೂ ನೋಂದಣಿ ಆಗಿರಲಿಲ್ಲ. ಒಂದು ವರ್ಷ ಮೀರಿದ ಸಾವನ್ನು ನೋಂದಾಯಿಸಲು ಆಗ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನ ಆದೇಶ ಬೇಕಿತ್ತು. 2023ರ ತಿದ್ದುಪಡಿಯಾದ ಮೇಲೆ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಹೋಗಿದೆ. ತೀರಿಕೊಂಡ ತಾರೀಖಿಗೆ ಏನು ಪುರಾವೆ? ಮನೆಯಲ್ಲಿ ಎಲ್ಲರಿಗೂ ಶ್ರಾವಣ ಅನ್ನುವುದು ನೆನಪಿತ್ತು, ತಾರೀಖು ಯಾರಿಗೂ ಇಲ್ಲ. ಅಪ್ಪನ 1979ರ ಕೀರ್ದಿ ತೆಗೆದೆ. ಒಂದು ದಿನ ವ್ಯಾಪಾರ ಸೊನ್ನೆ. ಖರ್ಚಿನ ಕಡೆ: ಬಿಳಿ ಬಟ್ಟೆ, ವಿಭೂತಿ, ಹೂವು, ಡಪ್ಪಿನವರಿಗೆ, ಮಣ್ಣಿನ ಕೆಲಸದವರಿಗೆ. ಅದೇ ತಾರೀಖನ್ನು ಕೋರ್ಟು ಒಪ್ಪಿತು.

ಅಷ್ಟರಲ್ಲಿ ಕಾಕಾನ ಮಗ ಪಂಚಾಯಿತಿಗೆ ತಕರಾರು ಅರ್ಜಿ ಕೊಟ್ಟ. ಅಂಗಡಿ ಮುತ್ಯಾನದು, ನಮ್ಮದೂ ಪಾಲಿದೆ ಅಂತ. ಆಮೇಲೆ ಆಳಂದ ಕೋರ್ಟಿನಲ್ಲಿ ಪಾಲಿನ ದಾವೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಊರು ಬೆಳೆದು ಅಂಗಡಿ ಜಾಗದ ಬೆಲೆ ಏರಿತು, ಅವರ ಮನೆಯ ಬೆಲೆ ಹಾಗೇ ನಿಂತಿತು. ಯಾರಿಗಾದರೂ ಅನಿಸುತ್ತದೆ, ಅಲ್ವಾ?

ನಮ್ಮ ವಕೀಲರು ವಿಷಯ ಬಿಡಿಸಿ ಹೇಳಿದ್ದು ಹೀಗೆ. ಅಂಗಡಿ ಜಾಗ ಮುತ್ಯಾ ತಾವೇ ಕೊಂಡದ್ದು, ಸ್ವಂತ ಗಳಿಕೆ. ಉರ್ದು ಪತ್ರ ಅದಕ್ಕೇ ಬೇಕಾಯಿತು. ಸ್ವಂತ ಗಳಿಕೆಯವನು ಉಯಿಲು ಬರೆಯದೆ ಸತ್ತರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡು, ಹೆಣ್ಣು ಮಕ್ಕಳಿಗೆ ಸಮಪಾಲು. ಅಂದರೆ 1979ರಲ್ಲೇ ಅಂಗಡಿಯಲ್ಲಿ ಇಬ್ಬರು ಅತ್ತೆಯರಿಗೂ ಕಾಲು ಕಾಲು ಭಾಗ ಇತ್ತು! ಹೊಸ ಕಾನೂನು ಬಂದು ಹೆಣ್ಣುಮಕ್ಕಳಿಗೆ ಹಕ್ಕು ಬಂತು ಅಂತ ಜನ ಹೇಳುತ್ತಾರೆ. ಇಂಥ ಆಸ್ತಿಯಲ್ಲಿ ಹಕ್ಕು 1956ರಿಂದಲೇ ಇದೆ. ಕೇಳಿದವರು ಇರಲಿಲ್ಲ, ಅಷ್ಟೆ.

ಹಳೇ ಮನೆ ಮುತ್ಯಾನ ಅಪ್ಪನಿಂದ ಬಂದ ಪಿತ್ರಾರ್ಜಿತ. ಅದರ ಲೆಕ್ಕವೇ ಬೇರೆ. ನಮ್ಮ ಮನೆಯ ಇಬ್ಬರು ಅಕ್ಕ-ತಂಗಿಯರನ್ನೇ ನೋಡಿ. ಕರ್ನಾಟಕ 1994ರ ಜುಲೈ 30ರಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. ಅಕ್ಕನ ಮದುವೆ 1991ರಲ್ಲಿ, ನನ್ನದು 1997ರಲ್ಲಿ. ಒಂದೇ ತಾಯಿಯ ಮಕ್ಕಳು, ನನಗೆ ಹಕ್ಕು ಬಂತು, ಅವಳಿಗೆ ಬರಲಿಲ್ಲ. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆಯ ಭೇದ ಹೋಯಿತು. ಆಮೇಲೆ ತಂದೆ ಆ ದಿನ ಬದುಕಿರಬೇಕೋ ಬೇಡವೋ ಅನ್ನುವ ಗೊಂದಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಅಂದಿತು. ನಮ್ಮ ದಾವೆ ನಡೆಯುವಾಗಲೇ ಈ ತೀರ್ಪು ಬಂತು.

ಅದೇ ತೀರ್ಪಿನಲ್ಲಿ ಬಾಯಿ ಮಾತಿನ ವಾಟ್ನಿಯ ಬಗ್ಗೆಯೂ ಇದೆ. ಸುಮ್ಮನೆ "ಆಗಲೇ ಪಾಲಾಗಿತ್ತು" ಅಂದರೆ ನಡೆಯುವುದಿಲ್ಲ. ಸರ್ಕಾರಿ ದಾಖಲೆಯ ಬೆಂಬಲ ಇದ್ದಾಗ, ಅದೂ ಅಪರೂಪಕ್ಕೆ, ಒಪ್ಪಬಹುದು. ನಮ್ಮ ಹತ್ತಿರ ಇದ್ದದ್ದು ಬಿಳಿ ಹಾಳೆ. ಆದರೆ ಅಪ್ಪನಿಗೆ ಒಂದು ಅಭ್ಯಾಸವಿತ್ತು. ಯಾವ ರಸೀದಿಯನ್ನೂ ಎಸೆಯುತ್ತಿರಲಿಲ್ಲ, ತಂತಿಗೆ ಚುಚ್ಚಿ ಇಡುತ್ತಿದ್ದರು. 1985ರಿಂದ ಪಂಚಾಯಿತಿ ತೆರಿಗೆ ರಸೀದಿ ಅಂಗಡಿಗೆ ಅಪ್ಪನ ಹೆಸರಿನಲ್ಲಿ, ಆ ಕಡೆಯ ಮನೆಗೆ ಕಾಕಾನ ಹೆಸರಿನಲ್ಲಿ. ಅವನ್ನು ಹಿಡಿದು ಪಂಚಾಯಿತಿಯ ಹಳೇ ತೆರಿಗೆ ರಿಜಿಸ್ಟರಿನ ದೃಢೀಕೃತ ನಕಲು ತೆಗೆಸಿದೆ. ಇಬ್ಬರೂ ಒಪ್ಪಿ ಬೇರೆ ಬೇರೆ ಕಟ್ಟುತ್ತಾ ಬಂದಿದ್ದಾರೆ ಅನ್ನುವುದು ಅದರಲ್ಲಿ ಸಾಲು ಸಾಲಾಗಿತ್ತು. ಕಾಕಾನ ಮಗನ ವಕೀಲರ ದನಿ ಅಲ್ಲಿಂದ ಮೆತ್ತಗಾಯಿತು.

ಆದರೂ ಗೆಲ್ಲಬಹುದು ಅಂತ ಕೂಡಲಿಲ್ಲ. ಅತ್ತೆಯರ ಹಕ್ಕು ಹಾಗೇ ಇತ್ತಲ್ಲ. ಇಬ್ಬರಿಗೂ ಕೇಳಿದಾಗ ಎಲ್ಲರ ಮುಂದೆ ಒಂದೇ ಮಾತು: "ನಮಗ ಆಸ್ತಿ ಬ್ಯಾಡ, ತವರಮನಿ ಬಾಗಿಲ ತೆರದಿರ್ಲಿ ಸಾಕು." ಈ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಅಣ್ಣ-ತಮ್ಮಂದಿರ ಮಕ್ಕಳ ಮುಂದೆ ಕೇಳಿದರೆ ಇನ್ನೇನು ಬರುತ್ತದೆ? ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿದೆ. ದೊಡ್ಡತ್ತೆ ಕಣ್ಣಿನ ಆಪರೇಷನ್‌ಗೆ ಮಗನ ಮುಂದೆ ಕೈ ಚಾಚುತ್ತಿದ್ದರು. ಸಣ್ಣತ್ತೆ ಮೆಲ್ಲಗೆ, "ಎಷ್ಟ್ ಬರ್ತದವಾ?" ಅಂದರು. ಅದೇ ಉತ್ತರ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಣ್ಣುಮಕ್ಕಳನ್ನು ಕರೆದು, ಊಟ ಹಾಕಿ ಸಹಿ ಮಾಡಿಸಿ ಕಳಿಸುವುದು ನಮ್ಮ ಕಡೆ ಪದ್ಧತಿಯಾಗಿದೆ. ಏನು ಬಿಡುತ್ತಿದ್ದಾರೆ ಅಂತ ಅವರಿಗೇ ಗೊತ್ತಿರುವುದಿಲ್ಲ. ನನಗೆ ಅದು ಕಳ್ಳತನ ಅನಿಸುತ್ತದೆ. ಮನೆಯಲ್ಲಿ ಹೀಗೆ ಅಂದದ್ದಕ್ಕೆ ಅಣ್ಣ ಸ್ವಲ್ಪ ದಿನ ಮಾತು ಬಿಟ್ಟಿದ್ದ.

ಕೊನೆಗೆ ಲೋಕ ಅದಾಲತ್. ಅತ್ತೆಯರನ್ನೂ, ಅಕ್ಕನನ್ನೂ, ಅವ್ವನನ್ನೂ ದಾವೆಯಲ್ಲಿ ಪಕ್ಷಗಾರರಾಗಿ ಸೇರಿಸಿ ರಾಜಿ ಬರೆದೆವು. ಯಾರನ್ನಾದರೂ ಬಿಟ್ಟು ಮಾಡಿದ ರಾಜಿ ಮುಂದೆ ಯಾವತ್ತಾದರೂ ಎದ್ದು ಬರುತ್ತದೆ. ಅಂಗಡಿ ನಮ್ಮ ಕಡೆ ಉಳಿಯಿತು. ಅತ್ತೆಯರ ಕಾಲು ಭಾಗಕ್ಕೆ ಇವತ್ತಿನ ದರ ಹಿಡಿದು ರೊಕ್ಕ, ಅವರವರ ಹೆಸರಿಗೇ ಡಿಡಿ. ಮಕ್ಕಳ ಹೆಸರಿಗೆ ಬೇಡ ಅಂತ ನಾನೇ ಹಟ ಹಿಡಿದೆ. ಕಾಕಾನ ಮಗನಿಗೆ ಹಳೇ ಮನೆಯಲ್ಲಿ ರಸ್ತೆ ಕಡೆಯ ಭಾಗ ಬಿಟ್ಟೆವು. ಲೋಕ ಅದಾಲತ್‌ನ ಐತೀರ್ಪು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಜಗಳದ ಮನೆಗಳಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ. ಕಾಕಾನ ಮಗ ಈಗಲೂ ನಮ್ಮ ಅಂಗಡಿಯಿಂದಲೇ ಸಾಮಾನು ಒಯ್ಯುತ್ತಾನೆ. ಉದ್ರಿ. ದೀಪಾವಳಿಗೆ ಸಹಿಯನ್ನೂ ಮಾಡುತ್ತಾನೆ.

ಲೈಸೆನ್ಸುಗಳ ಮಾತು ಬೇಗ ಮುಗಿಸುತ್ತೇನೆ. ಅಂಗಡಿ ವಾರಸುದಾರರಿಗೆ ಬರುತ್ತದೆ, ಲೈಸೆನ್ಸು ಹಾಗೇ ಬರುವುದಿಲ್ಲ. ಆಹಾರ ಸುರಕ್ಷತೆಯ ನೋಂದಣಿ ಇದ್ದವರು ತೀರಿದರೆ ವಾರಸುದಾರರಿಗೆ 90 ದಿನದ ಅವಕಾಶ, ಅಷ್ಟರಲ್ಲಿ ಅರ್ಜಿ ಹಾಕಬೇಕು. ಸಣ್ಣ ಅಂಗಡಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ನೋಂದಣಿ ಸಾಕಾಗಿತ್ತು. ಪಂಚಾಯಿತಿಯ ವ್ಯಾಪಾರ ಲೈಸೆನ್ಸು ನನ್ನ ಹೆಸರಿಗೆ ಹೊಸದಾಗಿ ಮಾಡಿಸಿದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ. ಆ ಪ್ರಮಾಣ ಪತ್ರವನ್ನು ಗಿರಾಕಿಗೆ ಕಾಣುವಂತೆ ಗೋಡೆಗೆ ಹಾಕಿದ್ದೇನೆ. ತಂಬಾಕು ಬಿಟ್ಟೆ. ಶಾಲೆಯಿಂದ 100 ಗಜದ ಒಳಗೆ ಮಾರುವ ಹಾಗಿಲ್ಲ, ಗುಟ್ಕಾ ರಾಜ್ಯದಲ್ಲಿ 2013ರಿಂದ ಬಂದ್. ಬೀಡಿ ಬಿಟ್ಟಾಗ ವ್ಯಾಪಾರ ಸ್ವಲ್ಪ ಇಳಿಯಿತು. ಅಂಗಡಿ ಮುಂದಿನ ಕಟ್ಟೆ ಸ್ವಚ್ಛವಾಯಿತು, ಹೆಂಗಸರು ಜಾಸ್ತಿ ಬರತೊಡಗಿದರು.

ಜಿಎಸ್‌ಟಿ ವಿಷಯದಲ್ಲಿ ಒಂದು ಎಚ್ಚರಿಕೆ. ಬರೀ ಸರಕು ಮಾರುವವರಿಗೆ 2019ರ ಏಪ್ರಿಲ್‌ನಿಂದ 40 ಲಕ್ಷದ ವಹಿವಾಟಿನ ತನಕ ನೋಂದಣಿ ಬೇಡ. ಬಿಡಿ ಜೋಳ, ಅಕ್ಕಿ, ಬೇಳೆಗೆ ತೆರಿಗೆ ಇಲ್ಲ. 2022ರ ಜುಲೈ 18ರಿಂದ 25 ಕಿಲೋ ತನಕದ ಲೇಬಲ್ ಹಚ್ಚಿದ ಪ್ಯಾಕೆಟ್‌ಗೆ ಮಾತ್ರ 5%. ಆದರೆ ತೆರಿಗೆಯ ಮಾಲನ್ನೂ ಜೊತೆಗೆ ಮಾರುವ ನಮ್ಮಂಥವರಿಗೆ, ಆ 40 ಲಕ್ಷ ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಮಾಲೂ ಸೇರುತ್ತದೆ. ಇದು ಎಷ್ಟೋ ಕಿರಾಣಿಯವರಿಗೆ ಗೊತ್ತಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ಬೆಂಗಳೂರಿನಲ್ಲಿ ಕ್ಯೂಆರ್ ಕೋಡ್ ಕಿತ್ತು ಹಾಕಿದರು. ನಾನು ಕೀಳಲಿಲ್ಲ. ಅಂಗಡಿಯ ಕ್ಯೂಆರ್‌ಗೆ ಬೇರೆ ಖಾತೆ, ಮನೆಯದಕ್ಕೆ ಬೇರೆ ಅಂತ ಮೊದಲೇ ಮಾಡಿದ್ದೆ. ಅಣ್ಣ ಅವ್ವನಿಗೆ ಕಳಿಸುವ ರೊಕ್ಕ ಅಂಗಡಿ ಖಾತೆಗೆ ಬಂದರೆ ಅದೂ ವ್ಯಾಪಾರದ ಹಾಗೆ ಕಾಣುತ್ತದೆ. ಕೀರ್ದಿ ಈಗಲೂ ಕೈಯಲ್ಲೇ ಬರೆಯುತ್ತೇನೆ. ಮಗ ಮೊಬೈಲ್ ಆ್ಯಪಿನಲ್ಲಿ ಏರಿಸುತ್ತಾನೆ. ಆ್ಯಪು ಗಿರಾಕಿಗೆ ಬಾಕಿಯ ಮೆಸೇಜು ಕಳಿಸುತ್ತದೆ, ನೆನಪು ಮಾಡಲು ಒಳ್ಳೆಯದು. ಆದರೆ ದೀಪಾವಳಿಯ ಸಹಿಗೆ ಪುಸ್ತಕವನ್ನೇ ಮುಂದೆ ಇಡುತ್ತೇನೆ.

ಅಂಗಡಿ ನಾನು ನಡೆಸಿದರೂ ಜಾಗದಲ್ಲಿ ಅಣ್ಣ, ತಮ್ಮ, ಅಕ್ಕ, ಅವ್ವ ಎಲ್ಲರದೂ ಪಾಲಿದೆ. ಹಾಗಾಗಿ ಅವರಿಗೆ ಬಾಡಿಗೆ ಕೊಡುತ್ತೇನೆ, ಕರಾರು ಪತ್ರ ಮಾಡಿಕೊಂಡು, ಬ್ಯಾಂಕಿನ ಮೂಲಕ. ತಮ್ಮನಿಗೆ ಇದು ಅತಿ ಅನಿಸುತ್ತದೆ, ಅಕ್ಕನಿಗೆ ಮೊದಲ ಸಲ ತವರಿನಿಂದ ತನ್ನ ಖಾತೆಗೆ ರೊಕ್ಕ ಬಂದ ಖುಷಿ. ಅವ್ವ ತನ್ನ ಪಾಲಿನ ಉಯಿಲು ಬರೆಸಿದ್ದಾಳೆ, ಇಬ್ಬರು ಸಾಕ್ಷಿಗಳ ಮುಂದೆ. ಯಾರಿಗೆ ಅಂತ ನಮಗ್ಯಾರಿಗೂ ಹೇಳಿಲ್ಲ. ಅಂಗಡಿಯ ನಮೂನೆ 9 ಮತ್ತು 11ಎ ಕೈಗೆ ಬಂದಿವೆ. ಕಾಕಾನ ಮಗನಿಗೆ ಬಿಟ್ಟ ಭಾಗಕ್ಕೆ ಮೋಜಣಿ ಆಗಬೇಕಿದೆ. ಅರ್ಜಿ ಹಾಕಿದ್ದೇವೆ, ಸರ್ವೆಯವರು ಬರಬೇಕು.